‘ಅಕ್ಕ ಬಾ ಅಂದಾಳೇನವ್ವಾ?’

ಸತ್ತು ಮಣ್ಣಾದ ಮನುಷ್ಯಾನ ಹೆಸರಿಲೆ ನಾನು ಆರು ಸೋಮವಾರ ‘ಆರಾಮ ಅದೀನಿ’ ಅಂತ ಬರದೀನಿ. ಬೇಕಂತ ಬರದದ್ದಲ್ಲ. ಗಡಿಯಾರ ನೋಡಿಕೋತ, ಚಾ ಕುಡಕೋತ, ಮುಗೀತು ಅಂತ ಟಿಕ್ ಹಾಕಿಕೋತ ಬರದದ್ದು. ನೆನಸಿಕೊಂಡ್ರ ಈಗಲೂ ಮಟಮಟ ಮಧ್ಯಾಹ್ನದಾಗ ಮೈ ಜುಮ್ಮಂತೈತಿ.

ಎರಡು ಸಾವಿರ ಇಸವಿ ದಾಟಿ ಏಳೆಂಟು ವರ್ಷ ಆಗಿತ್ತು. ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ನಂದೊಂದು ಇಂಟರ್ನೆಟ್ ಅಂಗಡಿ. ನಾಲ್ಕು ಕಂಪ್ಯೂಟರ್, ಕರೆಂಟ್ ಹೋದ್ರ ಕುಯ್ಯೋ ಕುಯ್ಯೋ ಅನ್ನೋ ಒಂದು ಯುಪಿಎಸ್, ಗಾಳಿಗಿಂತ ಸಪ್ಪಳ ಜಾಸ್ತಿ ಮಾಡೋ ಒಂದು ಫ್ಯಾನು. ಆಗ ಎಲ್ಲರಿಗೂ ಒಂದು ಸ್ನೇಹದ ತಾಣದ ಹುಚ್ಚು ಹಿಡಿದಿತ್ತು. ಅದರಾಗ ಪ್ರತಿಯೊಬ್ರಿಗೂ ಒಂದು ಪುಟ. ಫೋಟೋ ಹಾಕೋದು, ಒಬ್ಬರ ಪುಟದಾಗ ಇನ್ನೊಬ್ರು ಎರಡು ಸಾಲು ಬರದು ಹೋಗೋದು. ಕಾಲೇಜಿನ ಹುಡುಗ್ರು ತಾವೇ ಬರಕೋತಿದ್ರು. ಆದ್ರ ಕೀಲಿಮಣಿ ಮುಟ್ಟಾಕ ಅಂಜೋ ಮಂದಿ ಭಾಳ ಇದ್ರು. ಅವರು ಪಾಸ್‌ವರ್ಡ್ ನನ್ನ ಕೈಯಾಗಿಟ್ಟು, ‘ನೀವೇ ನೋಡ್ಕೊಳ್ರಿ ಅಕ್ಕೋರ, ಏನರ ಬಂದ್ರ ಉತ್ರ ನೀವೇ ಹಾಕ್ರಿ’ ಅಂದು ಹೋಗಿಬಿಡ್ತಿದ್ರು.

ಒಂಬತ್ತು ಖಾತೆ ಇರೋ ತನಕ ನೆನಪಿನ ಮ್ಯಾಲ ನಡೀತು. ಇಪ್ಪತ್ತು ದಾಟಿದ್ವು, ಎಡವಟ್ಟು ಶುರು ಆದ್ವು. ಹಡಗಲಿಯ ಮಲ್ಲಿಗಿ ವ್ಯಾಪಾರಿ ತನ್ನ ಗಿರಾಕಿಗೆ ಬರೀರಿ ಅಂದಿದ್ದ ಮಾತನ್ನ ಕೂಡ್ಲಿಗಿಯ ಟೀಚರ್ ಪುಟದಿಂದ ಕಳಿಸಿಬಿಟ್ಟೆ: ‘ಮಾಲು ಬಾಡೋದ್ರೊಳಗ ಬಂದು ಎತ್ಕೊಂಡು ಹೋಗ್ರಿ.’ ಅದು ಹೋಗಿ ಬಿದ್ದದ್ದು ಆಕಿನ್ನ ನೋಡಾಕ ಬರೋ ಗಂಡಿನ ಕಡೆಯವರ ಪುಟಕ್ಕ. ಟೀಚರ್ ಬಂದು ಅಂಗಡ್ಯಾಗ ಅತ್ಲು, ನಗಬೇಕೋ ಅಳಬೇಕೋ ನನಗೂ ತಿಳೀಲಿಲ್ಲ. ಗಂಡಿನವರು ನಕ್ಕು ಒಪ್ಪಿಕೊಂಡ್ರಂತ, ನನ್ನ ಪುಣ್ಯ.

ಅವತ್ತ ಒಂದು ಉದ್ದನ್ನ ನೋಟ್‌ಬುಕ್ ತಂದೆ. ಒಂದೊಂದು ಖಾತೆಗೆ ಒಂದೊಂದು ಹಾಳಿ. ಯಾರಿಗೆ ಬರೀತಾರ, ಹೆಂಗ ಮಾತಾಡ್ತಾರ, ಯಾವ ಮಾತು ಎಂದೂ ಆಡಂಗಿಲ್ಲ, ಅರ್ಜೆಂಟ್ ಇದ್ರ ಯಾವ ಫೋನಿಗೆ ಹೇಳಬೇಕು, ಎಲ್ಲಾ ಬರದೆ. ವಾರಗಳನ್ನ ಬಸ್ಸಿನ ಲೆಕ್ಕದಾಗ ಹಂಚಿದೆ. ಸೋಮವಾರ ಹಡಗಲಿ ಕಡೆಯವ್ರು, ಮಂಗಳವಾರ ಕೂಡ್ಲಿಗಿ, ಬುಧವಾರ ಹಗರಿಬೊಮ್ಮನಹಳ್ಳಿ, ತಂಬ್ರಹಳ್ಳಿ, ಗುರುವಾರ ಹರಪನಹಳ್ಳಿ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕರೆಂಟ್ ಸಾಮಾನ್ಯ ಇರ್ತಿತ್ತು, ಅದೇ ನನ್ನ ದಂಧೆ ಹೊತ್ತು. ಕೀಲಿ ಕೊಡೋ ಅಲಾರಂ ಗಡಿಯಾರ ಮುಂದ ಇಟ್ಟುಕೊಂಡು, ಒಂದು ಖಾತೆಗೆ ಹನ್ನೆರಡು ನಿಮಿಷ. ಗಂಟಿ ಹೊಡೀತು ಅಂದ್ರ ಯಾರ ಅಳು ಅರ್ಧಕ್ಕ ನಿಂತ್ರೂ ಮುಂದಿನ ಹಾಳಿ.

ಖಾತೆ ನಲವತ್ತಾದ್ವು. ಆಗ ಇನ್ನೊಂದು ಉಪಾಯ ಮಾಡಿದೆ. ಕೆಲವರು ವಾರ ತಪ್ಪಿಸ್ತಿದ್ರು. ಅವರ ಪುಟ ಸುಮ್ಮನಿದ್ರ ಆ ಕಡೆಯವ್ರು ಗಾಬರಿ ಆಗ್ತಾರಲ್ಲ? ಅದಕ್ಕ ಮೂರು ನಮೂನಿ ಉತ್ರ ಮೊದಲೇ ಬರದು ಇಟ್ಟೆ. ಒಂದು: ‘ಆರಾಮ ಅದೀನಿ. ಕೆಲಸದ ಗದ್ದಲ ಐತಿ. ಮುಂದಿನ ವಾರ ಬರೀತೀನಿ.’ ಉಳಿದೆರಡೂ ಅದರ ತಂಗಿಗಳೇ. ಬಾರದವರ ಖಾತೆ ತೆಗೆಯೋದು, ಸರತಿ ಪ್ರಕಾರ ಒಂದನ್ನ ಅಂಟಿಸೋದು, ಮುಚ್ಚೋದು. ಬಂದ ಸುದ್ದಿ ಓದ್ತಿರಲಿಲ್ಲ. ಓದಿ ಹೇಳೋದು ಮನುಷ್ಯಾ ಬಂದಾಗ. ಬರದಿದ್ರ ಓದಿ ಯಾರಿಗೆ ಹೇಳ್ಲಿ? ಹನ್ನೆರಡು ನಿಮಿಷದ ಕೆಲಸ ನಾಲ್ಕೇ ನಿಮಿಷಕ್ಕ ಮುಗೀತಿತ್ತು. ಯಾರೂ ತಕರಾರು ಮಾಡ್ಲಿಲ್ಲ. ನಮ್ಮ ಕಡೆ ಕಾಗದ ಅಂದ್ರ ಮೊದಲು ಕ್ಷೇಮ. ಮನಿಯಾಗ ಹೆಣ ಇದ್ರೂ ‘ಇತ್ತ ನಾವೆಲ್ಲ ಕ್ಷೇಮ’ ಅಂತ ಶುರು ಮಾಡಿ, ಆಮ್ಯಾಲ ಸುದ್ದಿ ಬರಿಯೋ ಮಂದಿ ನಾವು. ಆರಾಮ ಅಂದದ್ದಕ್ಕ ಯಾರು ಸಂಶಯ ಪಡ್ತಾರ?

ಸೋಮವಾರ ಎರಡರ ಖಾತೆ ಇಟ್ಟಿಗಿಯ ಟೇಲರ್ ಅಜ್ಜಂದು. ಎಪ್ಪತ್ತರ ಆಸುಪಾಸು. ಬಲಗಿವಿ ಪೂರಾ ಹೋಗಿತ್ತು, ಎಡಗಿವಿ ಅರ್ಧ. ಸೋಮವಾರ ಬಸ್ಸಿಗೆ ಬಂದು, ಗುಡಿಗೆ ಹೋಗಿ ಹಣಿಗೆ ವಿಭೂತಿ ಹಚ್ಚಿಕೊಂಡು, ಸರಿಯಾಗಿ ಎರಡಕ್ಕ ನನ್ನ ಅಂಗಡಿ ಬಾಗಲದಾಗ ನಿಲ್ತಿದ್ದ. ಒಳಗ ಕಾಲಿಡೋಕ್ಕಿಂತ ಮೊದಲ ಒಂದೇ ಪ್ರಶ್ನಿ.

‘ಅಕ್ಕ ಬಾ ಅಂದಾಳೇನವ್ವಾ?’

‘ಅಂದಿಲ್ಲ್ರೀ ಅಜ್ಜಾ!’ ಅಂತ ನಾನು ಕೂಗಬೇಕು. ಸಣ್ಣಗ ಹೇಳಿದ್ರ ಆತಗ ಕೇಳಸ್ತಿರಲಿಲ್ಲ. ಕುಂತ ಹುಡುಗ್ರೆಲ್ಲ ಕಿಸಕ್ ಅಂತಿದ್ರು.

ಅಕ್ಕ ಇದ್ದದ್ದು ಸೊಲ್ಲಾಪುರದಾಗ. ಹದಿನೆಂಟು ವರ್ಷದ ಹಿಂದ ಅಕ್ಕನ ಮಗಳ ಮದುವಿಯಾಗ ಸೋದರಮಾವ ಅಂತ ಈತಗ ಮೊದಲ ರುಮಾಲು ಸುತ್ತಬೇಕಿತ್ತು. ಯಾರೋ ಅವಸರಕ್ಕ ಬಿದ್ದು ಬೇರೆಯವರಿಗೆ ಸುತ್ತಿದ್ರು. ಈ ಮಹಾಶಯ ಅಕ್ಕನ ಉಡಿ ತುಂಬದನ ಎದ್ದು ಬಂದುಬಿಟ್ಟ. ಆಮ್ಯಾಲ ಹೋಗೋದು ಬರೋದು ಇಲ್ಲ, ವಿಳಾಸ ಸೈತ ಗೊತ್ತಿಲ್ಲ. ಸೊಲ್ಲಾಪುರಕ್ಕ ಹೋಗಿ ಬಂದ ಊರವರೊಬ್ರು, ‘ನಿಮ್ಮಕ್ಕನ ಫೋಟೋ ಕಂಪ್ಯೂಟರ್‌ನ್ಯಾಗ ಐತಿ’ ಅಂದ ಮ್ಯಾಲ ನನ್ನ ಅಂಗಡಿ ಹುಡುಕಿಕೊಂಡು ಬಂದಿದ್ದ. ಹುಡುಕಿ ಕೊಟ್ಟೆ. ಅಕ್ಕನ ಮುಖ ಪರದಿ ಮ್ಯಾಲ ಬಂದಾಗ ಆತ ಟೋಪಿ ತೆಗದು ತೊಡಿ ಮ್ಯಾಲ ಇಟ್ಟುಕೊಂಡ.

‘ನಂಬರ್ ಕೇಳಿ ಫೋನ್ ಮಾಡ್ರಲ್ಲ’ ಅಂದೆ.

‘ಬ್ಯಾಡವ್ವಾ. ದನಿ ಕೇಳಿದ್ರ ಅತ್ತುಬಿಡ್ತೀನಿ. ಬರಿಯೋದಾದ್ರ ಗಂಡಸು ಗಂಡಸಾಗೇ ಇರಬಹುದು.’

ಹಂಗ ಒಂದು ವರ್ಷ ಬರದ್ವಿ, ಇಂಗ್ಲಿಷ್ ಅಕ್ಷರದಾಗ ಕನ್ನಡ. ‘ಆರಾಮ ಅದೀನಿ ಅಕ್ಕಾ.’ ಆ ಕಡಿಂದ, ‘ಆರಾಮ ಅದೀನಿ ತಮ್ಮಾ, ಮಂಡಿ ನೋವು ಐತಿ.’ ಮಳಿ, ಮಂಡಿ, ಮೊಮ್ಮಕ್ಕಳು, ಎಲ್ಲಾ ಬಂತು. ಬಾ ಅನ್ನೋದೊಂದ ಬರಲಿಲ್ಲ.

‘ನೀವೇ ಬರ್ತೀನಿ ಅನ್ರಿ’ ಅಂದ್ರ, ‘ಎದ್ದು ಬಂದಾವ ನಾನು. ಕರೀದ ಹೋದ್ರ ಹೊಸ್ತಲ ದಾಟಾಕ ಕಾಲ ಏಳಂಗಿಲ್ಲ’ ಅಂತಿದ್ದ. ‘ಹಂಗಾರ ಕರಿ ಅಂತ ಬರೀಲೇನು?’ ಅಂದ್ರ, ‘ಕೇಳಿ ಕರಿಸಿಕೊಂಡ್ರ ಅದು ಕರದಂಗಾತೇನು?’ ಅಕ್ಕ ತಮ್ಮ ಇಬ್ರೂ ಒಂದೇ ಹಿಟ್ಟಿನ ರೊಟ್ಟಿ. ಆದ್ರ ಒಂದು ಇಳಕಲ್ ಸೀರಿ ತಂದು ಟ್ರಂಕಿನ್ಯಾಗ ಇಟ್ಟಿದ್ದ. ‘ಬಾ ಅಂದ ದಿನ ಒಯ್ತೀನಿ. ಉಡಿ ತುಂಬ್ತೀನಿ. ಹೆಣ್ಣಿಗೆ ಕೊನಿಗೆ ಮೈಮ್ಯಾಲ ತವರ ಸೀರಿ ಬೀಳಬೇಕವ್ವಾ, ಅಷ್ಟರೊಳಗ ನಾ ಅಲ್ಲಿಗೆ ಹೋಗಿರಬೇಕು’ ಅಂತಿದ್ದ. ನೋಟ್‌ಬುಕ್ಕಿನ ಆತನ ಹಾಳಿ ಕೆಳಗ ನನ್ನ ಕೈಯಿಂದಲೇ ಬರಸಿದ್ದ: ಅಕ್ಕ ಬಾ ಅಂದ್ರ ಕೂಡಲೇ ಮನಿ ಮುಂದಿನ ಕಿರಾಣಿ ಅಂಗಡಿಗೆ ಫೋನ್ ಮಾಡಬೇಕು. ಅದರ ಮುಂದ ನಂಬರ್ ಇತ್ತು.

ಒಂದು ಸೋಮವಾರ ಅಜ್ಜ ಬರಲಿಲ್ಲ. ಮಳಿಗಾಲ, ಬಸ್ ತಪ್ಪಿರಬೇಕು ಅಂದುಕೊಂಡೆ. ಖಾತೆ ತೆಗದೆ, ಮೊದಲನೆ ನಮೂನಿ ಅಂಟಿಸಿದೆ, ಟಿಕ್ ಹಾಕಿದೆ. ಎಂಟು ನಿಮಿಷ ಉಳೀತಲ್ಲ ಅಂತ ಖುಷಿ ಪಟ್ಟೆ, ಖರೇನ ಖುಷಿ ಪಟ್ಟೆ. ಮುಂದಿನ ಸೋಮವಾರನೂ ಬರಲಿಲ್ಲ. ಅದರ ಮುಂದಿನದೂ.

ಆ ದಿನಗಳಾಗ ನನಗೂ ಏನೋ ಆಗಿತ್ತು ಅನಸ್ತೈತಿ. ನಲವತ್ತು ಮಂದಿ ಬಾಯಿ ನನ್ನ ಬಾಯಾಗ ತುರುಕಿದಂಗಾಗಿತ್ತು. ಮನಿಯಾಗ ನನ್ನ ಗಂಡಗ ‘ಯಾಕ ತಮ್ಮಾ ಊಟ ಬ್ಯಾಡೇನು’ ಅಂದುಬಿಟ್ಟೆ. ನಮ್ಮತ್ತಿ ಜ್ವಾಳ ಕೇರೋ ಮರ ಕೆಳಗಿಟ್ಟು, ‘ಇಕಿಗೆ ಗಾಳಿ ಸೋಕೈತಿ’ ಅಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಹಾಕಿದ್ರು. ಚಟಪಟ ಅಂತೂ ಅಂದ್ವು.

ನಾಕನೇದೋ ಐದನೇದೋ ಸೋಮವಾರ. ಅಂಗಡ್ಯಾಗ ನಾನು, ಮೂಲಿ ಕಂಪ್ಯೂಟರ್‌ನ್ಯಾಗ ಅರ್ಜಿ ತುಂಬೋ ಒಬ್ಬಾತ, ಇಬ್ರೇ. ಬಿಸಲಿಗೆ ಓಣ್ಯಾಗ ನಾಯಿ ಸೈತ ಇರಲಿಲ್ಲ. ಅಜ್ಜನ ಖಾತೆ ತೆಗದಿದ್ದೆ. ಕರೆಂಟ್ ಹೋತು, ಫ್ಯಾನ್ ನಿಂತು, ಯುಪಿಎಸ್ ಒದರಾಕ ಹತ್ತಿತು. ಪರದಿ ಮ್ಯಾಲ ಟೋಪಿ ಹಾಕಿಕೊಂಡ ಅಜ್ಜನ ಫೋಟೋ. ನಾನು ತಲಿ ಎತ್ತದನ ಬಾಗಲ ಕಡೆ ಮುಖ ಮಾಡಿ, ‘ಅಂದಿಲ್ಲ್ರೀ ಅಜ್ಜಾ!’ ಅಂತ ಕೂಗಿಬಿಟ್ಟೆ.

ಮೂಲ್ಯಾಗಿನಾತ ಎದ್ದು ನಿಂತ. ‘ಯಾರಿಗ್ರಿ ಹೇಳಿದ್ದು?’

ಬಾಗಲದಾಗ ಯಾರೂ ಇಲ್ಲ. ಗಡಿಯಾರ ನೋಡಿದೆ, ಎರಡು. ಆದ್ರ ನಾನು ಉತ್ರ ಕೊಟ್ಟೀನಂದ್ರ ಪ್ರಶ್ನಿ ಕೇಳಿಸಿತ್ತು ಅಂತಲ್ಲ? ಚಟದ ಮ್ಯಾಲ ಬಂದಿರಬೇಕು ಅಂತ ನಕ್ಕೆ. ಮತ್ತ ಪರದಿ ನೋಡಿದೆ. ಆ ತಾಣದಾಗ ನಮ್ಮ ಪುಟಕ್ಕ ಯಾರು ಬಂದು ನೋಡಿ ಹೋದ್ರು ಅಂತ ಹೆಸರು ತೋರಸ್ತಿತ್ತು. ಅಜ್ಜನ ಪುಟದಾಗ ಅವತ್ತೂ ಒಂದೇ ಹೆಸರಿತ್ತು, ಅಕ್ಕಂದು. ಈಗ ತಾನ ಬಂದು ಹೋಗಿದ್ಲು.

ಏಳನೇ ‘ಆರಾಮ’ಕ್ಕ ಟಿಕ್ ಹಾಕಿ ಪೆನ್ ಕೆಳಗ ಇಟ್ಟಿರಲಿಲ್ಲ, ಒಬ್ಬಾಕಿ ಹೆಣ್ಣಮಗಳು ಒಳಗ ಬಂದ್ಲು. ನೆತ್ತಿ ತುಂಬ ಸೆರಗು, ಕೈಯಾಗ ಚೀಲ.

‘ಇಟ್ಟಿಗಿ ಟೇಲರ್ ಸೊಸಿ ನಾನು. ಮಾವನ ಫೋಟೋ ನಿಮ್ಮ ಕಂಪ್ಯೂಟರ್‌ನ್ಯಾಗ ಐತೇನ್ರಿ? ಮನಿಯಾಗ ಚಲೋದು ಒಂದೂ ಇಲ್ಲ. ದೊಡ್ಡದು ಮಾಡಿಸಿ ಹಾರ ಹಾಕಬೇಕು.’

‘ಹಾರ ಯಾಕವಾ?’

‘ಮಾವ ಹೋಗಿ ಆರು ವಾರ ಆಗಾಕ ಬಂತಲ್ರಿ. ಮೊದಲ ಜ್ವರ ಬಂದ್ವು, ಸೋಮವಾರ ಇಲ್ಲಿಗೆ ಬರಾಕ ಆಗಲಿಲ್ಲ. ಬುಧವಾರ ಹೋಗಿಬಿಟ್ರು.’

ನನ್ನ ಎಡಗೈ ಅಡ್ಡ ಇಟ್ಟು ಪರದಿ ಮುಚ್ಚಿದೆ. ಈಗಿನ್ನೂ ಆತ ಆರಾಮ ಅದೀನಿ ಅಂದಿದ್ದ, ಅದು ಅಲ್ಲೇ ಎದ್ದು ಕಾಣ್ತಿತ್ತು. ಫೋಟೋ ತೆಗದು ಕೊಟ್ಟೆ. ಆಕಿ ಅದನ್ನ ಸೆರಗಿನ ಒಳಗ ಇಟ್ಟುಕೊಂಡು ಒಂದು ಮಾತು ಕೇಳಿದ್ಲು.

‘ಸೊಲ್ಲಾಪುರದ ಅತ್ತಿಗೆ, ಮಾವನ ಅಕ್ಕಗ, ನಾವು ಹೇಳಿಲ್ರಿ. ವಯಸ್ಸಾದಾಕಿ, ತವರಾಗ ಈ ಮಾವ ಒಬ್ರ ಉಳದಿದ್ರು. ಅವರೂ ಇಲ್ಲ ಅಂತ ಗೊತ್ತಾದ್ರ ಎದಿ ಒಡದು ಸಾಯ್ತಾಳ. ಆಕಿ ಇರೋ ತನಕ ಮಾವ ಇದ್ದಂಗ ಬರದುಬಿಡ್ರಿ. ನಿಮಗ ಪುಣ್ಯ ಬರ್ತೈತಿ.’

ಹೂಂ ಅಂದೆ. ಆರು ವಾರದಿಂದ ಪುಣ್ಯ ಕಟ್ಟಿಕೊಳ್ಳಾಕ ಹತ್ತೀನಿ ಅಂತ ಹೇಳಲಿಲ್ಲ.

ತಿಳಿಲಾರದ ಸುಳ್ಳು ಬರಿಯಾಕ ಓದಬೇಕಾಗಿಲ್ಲ, ತಿಳಿದು ಬರಿಯಾಕ ಓದಬೇಕು. ಮರುದಿನ ಕೂಡ್ಲಿಗಿಯವರ ಖಾತೆಗಳನ್ನೆಲ್ಲ ಬದಿಗಿಟ್ಟೆ. ಗಡಿಯಾರ ಮಕಾಡೆ ಹಾಕಿದೆ. ಅಜ್ಜ ಬಾರದಾದಾಗಿನಿಂದ ಅಕ್ಕ ಏನೇನು ಬರದಾಳ ಅಂತ ಮೊದಲಿನಿಂದ ತೆಗದೆ.

ಆತ ಜ್ವರ ಬಂದು ಮಲಗಿದ ಆ ಮೊದಲ ಸೋಮವಾರದ ಮುಂಜಾನಿ ಬಂದದ್ದು: ‘ತಮ್ಮಾ, ಮೈಯಾಗ ಆರಾಮಿಲ್ಲ. ರುಮಾಲಿನ ತಪ್ಪು ನಮ್ಮದೇ. ಬಾ.’

ಅದರ ಕೆಳಗ ನಂದು. ‘ಆರಾಮ ಅದೀನಿ. ಕೆಲಸದ ಗದ್ದಲ ಐತಿ. ಮುಂದಿನ ವಾರ ಬರೀತೀನಿ.’

ಅದರ ಕೆಳಗ ಆಕಿದು. ‘ಗದ್ದಲ ಇರಲಿ, ಬಾ. ಸೀರಿ ತರದಿದ್ರೂ ಬಾ.’

ಅದರ ಕೆಳಗ ಮತ್ತ ನಂದು. ಎರಡನೇ ನಮೂನಿ.

ಕುರ್ಚಿ ಕೈ ಹಿಡಕೊಂಡು ಕುಂತೆ. ಮೊದಲನೇದು ಬಂದಾಗ ಅಜ್ಜ ಜೀವಂತ ಇದ್ದ. ನಂಬರ್ ನನ್ನ ನೋಟ್‌ಬುಕ್ಕಿನ್ಯಾಗ ಇತ್ತು. ಕಿರಾಣಿ ಅಂಗಡಿಗೆ ಒಂದು ಫೋನ್ ಮಾಡಿದ್ರ ಸಾಕಿತ್ತು, ಎದ್ದು ಹೋಗಾಕ ಆಗದಿದ್ರೂ ಕೇಳಿ ಕಣ್ಣು ಮುಚ್ಚತಿದ್ದ. ಒಂದು ವರ್ಷ ಕಾದ ಮಾತು ನನ್ನ ಕಣ್ಣ ಮುಂದ ಬಂದು ಬಿದ್ದಿತ್ತು, ನಾನು ಅದರ ಮ್ಯಾಲ ಗದ್ದಲ ಐತಿ ಅಂತ ಅಂಟಿಸಿ ಚಾ ಕುಡದಿದ್ದೆ. ನನ್ನ ಕೈ ಮುರೀಲಿ ಅಂತ ನಾನೇ ಬೈದುಕೊಂಡೆ.

ಕಣ್ಣು ಒರಸಿಕೊಂಡು ಮುಂದ ಓದಿದೆ. ಆಮ್ಯಾಲಿನ ವಾರಗಳಾಗ ಅಕ್ಕನ ಮಾತು ಬದಲಾಗಿತ್ತು. ‘ಆರಾಮ ಅದೀನಿ. ಮಂಡಿ ನೋವು ಐತಿ.’ ಮುಂದಿನ ವಾರ, ‘ದೇವರ ದಯಾದಿಂದ ಎಲ್ಲಾ ಚಲೋ.’ ಅದರ ಮುಂದಿನ ವಾರ, ‘ಇಲ್ಲಿ ಮಳಿ. ನೀವೆಲ್ಲ ಹೆಂಗದೀರಿ?’ ಮತ್ತ ಮೊದಲಿಂದು, ಅಕ್ಷರ ಅಕ್ಷರ ಅದೇ. ಮತ್ತ ಎರಡನೇದು. ಎಲ್ಲಾ ಸೋಮವಾರವೇ, ಎಲ್ಲಾ ಎರಡರ ಸುಮಾರೇ. ಬಾ ಅಂತ ಕೈ ಚಾಚಿದಾಕಿ ಮೂರೇ ಮಾತು ತಿರುವಿ ಮುರುವಿ ಆಡ್ತಿದ್ಲು. ಈ ಮೂರರ ಸರತಿ ನನಗ ಗೊತ್ತು. ಇದು ನನ್ನಂಥವರದೇ ಕೈಗೆಲಸ.

ಹಾಡುಹಗಲು, ಹೊರಗ ಕಬ್ಬಿನ ಹಾಲಿನ ಗಾಡಿ ಗೆಜ್ಜಿ ಸಪ್ಪಳ ಕೇಳಸ್ತಿತ್ತು, ಆದ್ರೂ ಹಿಂದ ತಿರುಗಿ ನೋಡಾಕ ಧೈರ್ಯ ಬರಲಿಲ್ಲ.

ಸೊಸಿಗೆ ಕೊಟ್ಟ ಮಾತು ಮುರಿಯೋದು ಅಂತ ಆಗಲೇ ಗಟ್ಟಿ ಮಾಡಿದೆ. ಅಕ್ಕ ಬದುಕಿದ್ರ, ತಮ್ಮ ಕರದ್ರೂ ಬರಲಿಲ್ಲ ಅಂತ ತಿಳಕೊಂಡಿರ್ತಾಳ. ಅದಕ್ಕಿಂತ ತಮ್ಮ ಸತ್ತ ಅಂತ ತಿಳಕೊಳ್ಳೋದು ಮೇಲು. ಆದ್ರ ಮೊದಲ ಆ ಕಡೆ ಕುಂತಿರೋದು ಯಾರು ಅಂತ ಗೊತ್ತಾಗಬೇಕು. ಬೇರೆ ಯಾರಿಗೂ ಕಾಣದಂಗ ಗುಟ್ಟಿನ ಸಂದೇಶ ಬರದೆ: ‘ನಾನು ಟೇಲರ್ ಅಲ್ಲ. ಕೊಟ್ಟೂರಿನ ಇಂಟರ್ನೆಟ್ ಅಂಗಡಿಯಾಕಿ. ಆ ಕಡೆ ಬರಿಯೋರು ಯಾರ್ರಿ?’

ಹತ್ತು ನಿಮಿಷಕ್ಕ ಉತ್ರ ಬಂತು.

‘ನೀವೂ ಅಂಗಡಿಯವ್ರೇನ್ರಿ? ನಾನೂ ಅದೇ. ಇಲ್ಲಿ ಮುದುಕರ ಖಾತೆ ನೋಡ್ಕೋತೀನಿ, ಐವತ್ತರ ಮ್ಯಾಲ ಅದಾವ. ಅಜ್ಜಿ ಬಂದು ಭಾಳ ದಿನ ಆತು, ನಾನ ನಡಿಸಿಕೊಂಡು ಹೊಂಟೀನಿ. ನಾಳೆ ಮನಿಗೆ ಹೋಗಿ ನೋಡಿ ಬರ್ತೀನಿ.’

ಮರುದಿನ ಅಂಗಡಿ ತೆಗದು ಆ ಪುಟದ ಮುಂದ ಕುಂತಾಕಿ ಎದ್ದಿಲ್ಲ. ಹಗರಿಬೊಮ್ಮನಹಳ್ಳಿಯವರು ಬಂದ್ರು, ಬೈದ್ರು, ಹೋದ್ರು. ಮೂರರ ಸುಮಾರಿಗೆ ಬಂತು.

‘ಮನಿಗೆ ಬೀಗ ಇತ್ತು. ಮಗಳ ಮನಿ ಹುಡುಕಿ ಹೋದೆ. ಅಜ್ಜಿ ಹೋಗಿ ಐದು ವಾರ ಆಗೈತ್ರಿ. ಕೊನಿಕೊನಿಗೆ ತಮ್ಮನ ಉತ್ರ ಏನು ಬಂದೈತಿ ನೋಡಿ ಬಾ ಅಂತ ಮಗಳನ್ನ ನನ್ನ ಕಡೆ ಕಳಿಸಿದ್ರು. ಗದ್ದಲ ಐತಂತ, ಮುಂದಿನ ವಾರ ಬರೀತಾರಂತ ಅಂತ ನಾನ ಓದಿ ಹೇಳಿದ್ದೆ. ಟೇಲರ್ ಅಜ್ಜಾರು ಹೆಂಗದಾರ್ರಿ?’

ನಾನು ಲೆಕ್ಕ ಹಾಕಿದೆ. ಬ್ಯಾಡ ಅಂದ್ರೂ ಕೈ ಬೆರಳು ಮಡಚಿದ್ವು. ಐದು ಸೋಮವಾರ, ಮಧ್ಯಾಹ್ನ ಎರಡಕ್ಕ, ಸತ್ತ ತಮ್ಮ ಸತ್ತ ಅಕ್ಕನ ಪುಟಕ್ಕ ಹೋಗ್ಯಾನ. ಸತ್ತ ಅಕ್ಕ ಸತ್ತ ತಮ್ಮನ ಪುಟಕ್ಕ ಬಂದಾಳ. ಆರಾಮೇನು ಅಂತ ಆಕಿ ಕೇಳ್ಯಾಳ, ಆರಾಮ ಅದೀನಿ ಅಂತ ಆತ ಹೇಳ್ಯಾನ. ನಾವಿಬ್ರು ಅಂಗಡಿಯವ್ರು ನಡುವ ಕುಂತು ಟಿಕ್ ಹಾಕೀವಿ.

ಶನಿವಾರ ಅಂಗಡಿ ಬೀಗ ಹಾಕಿ ಇಟ್ಟಿಗಿ ಬಸ್ ಹತ್ತಿದೆ. ಅಕ್ಕ ಬಾ ಅಂದ ಎರಡು ಮಾತೂ, ಆಕಿ ಮಗಳ ಮನಿ ವಿಳಾಸನೂ ಹಾಳಿ ಮ್ಯಾಲ ತೆಗಸಿಕೊಂಡಿದ್ದೆ. ಪಡಸಾಲ್ಯಾಗ ಹೊಲಿಗಿ ಮಷಿನ್ನು, ಅದರ ಮ್ಯಾಲಿನ ಗ್ವಾಡಿಗೆ ನಾನು ಕೊಟ್ಟ ಫೋಟೋ, ಚೆಂಡು ಹೂವಿನ ಹಾರ. ಸೊಸಿ ನೀರು ಕೊಟ್ಲು. ಆಕಿ ಗಂಡ ಅಟ್ಟದ ಕಂಬಕ್ಕ ಒರಗಿ ಕುಂತಿದ್ದ. ನೀರು ಮುಟ್ಟದನ ಎಲ್ಲಾ ಹೇಳಿದೆ. ನಾನು ಓದಲಿಲ್ಲ ಅನ್ನೋದನ್ನ ಮೊದಲ ಹೇಳಿದೆ.

ಸೊಸಿ ಮುಖ ಕೆಂಪಗಾತು. ‘ನಂಬರ್ ಕೈಯಾಗ ಇಟ್ಕೊಂಡು! ಹೋಗೋ ದಿನ ಮುಂಜಾನಿ ಸೈತ, ಯಾರನ್ನರ ಕೊಟ್ಟೂರಿಗೆ ಕಳಿಸಿ ಕೇಳ್ರಿ ಅಂತ ಬಡಕೊಂಡ್ರು ಮಾವ. ಜ್ವರದಾಗ ಬಡಬಡಸ್ತಾರ ಅಂತ ನಾವು ಸುಮ್ಮನಾದ್ವಿ. ನೀವೂ ಪಾಪಿ, ನಾವೂ ಪಾಪಿ.’ ಸೆರಗಿನ್ಯಾಗ ಮುಖ ಮುಚ್ಚಿಕೊಂಡು ಅತ್ಲು. ನಾನೂ ಅತ್ತೆ. ಆಮ್ಯಾಲ ಆಕಿ ಮೂಗು ಒರಸಿಕೊಂಡು ಕೇಳಿದ್ಲು.

‘ಖರೇನ ಬಾ ಅಂದಿದ್ಲೇನ್ರಿ?’

‘ಹೂನವಾ. ಎರಡು ಸಲ.’

‘ನನ್ನ ಮುಂದ ಅಲ್ಲ, ಅವರ ಮುಂದ ಹೇಳ್ರಿ.’

ಎದ್ದೆ. ಮಷಿನ್ ಪಕ್ಕ ನಿಂತು, ಹಾಳಿ ಬಿಚ್ಚಿ, ಫೋಟೋ ನೋಡಿ ಹೇಳಿದೆ. ‘ಅಜ್ಜಾ, ಅಕ್ಕ ಬಾ ಅಂದಾಳ.’ ದನಿ ಹೊರಗ ಬಂತೋ ಇಲ್ಲೋ.

‘ಅಷ್ಟು ಸಣ್ಣಗ ಹೇಳಿದ್ರ ಅವರಿಗೆ ಕೇಳಸ್ತಿತ್ತೇನ್ರಿ?’ ಅಂದ್ಲು ಸೊಸಿ.

ಖರೇ ಮಾತು. ಎದಿ ತುಂಬ ಉಸಿರು ತಗೊಂಡೆ. ‘ಅಂದಾಳ್ರೀ ಅಜ್ಜಾ! ಬಾ ಅಂದಾಳ! ರುಮಾಲಿನ ತಪ್ಪು ನಮ್ಮದೇ ಅಂದಾಳ! ಎರಡು ಸಲ ಬಾ ಅಂದಾಳ!’ ಓಣ್ಯಾಗ ಹೊಂಟ ಇಬ್ರು ನಿಂತು ಒಳಗ ಇಣುಕಿ ನೋಡಿದ್ರು. ಎದುರಿನ ಕಿರಾಣಿ ಅಂಗಡಿಯಾತ ತಕ್ಕಡಿ ಬಿಟ್ಟು ಹೊರಗ ಬಂದ.

ಸೊಸಿ ಒಳಗ ಹೋದ್ಲು. ಟ್ರಂಕಿನ ಕೊಂಡಿ ತೆಗದ ಸಪ್ಪಳ ಕೇಳಿತು. ಹಳೆ ಪೇಪರ್‌ನ್ಯಾಗ ಸುತ್ತಿದ ಸೀರಿ ತಂದು ಗಂಡನ ಮುಂದ ಇಟ್ಲು.

‘ಸೊಲ್ಲಾಪುರದ ಗಾಡಿ ಎಷ್ಟಕ್ಕ ಐತಿ ನೋಡ್ರಿ’ ಅಂದ್ಲು. ‘ಆಕಿ ಮಗಳಿಗರ ಉಡಿ ತುಂಬಿ ಬರ್ರಿ. ಅತ್ತಿ ಕರದಾಳ.’